ಅಕ್ಕನಿಗೆ ನಾನು ಬಾಯಿಪಾಠ ಮಾಡಿಸಿದ ಅಕ್ಷರಗಳು

ಎಲೆಕ್ಟ್ರಾನಿಕ್ ಸಿಟಿ ಅಂದರೆ ಆಗ ನಮಗೆ ರಾಗಿ ಹೊಲಗಳ ನಡುವೆ ಎದ್ದ ನಾಲ್ಕೈದು ಶೆಡ್ಡುಗಳು, ಅಷ್ಟೇ. ನಮ್ಮೂರಿಂದ ನಡೆದೇ ಹೋಗಬಹುದಿತ್ತು. ಅದರಲ್ಲೊಂದರಲ್ಲಿ ನನ್ನ ಅಕ್ಕ ಸರೋಜ ಕಂಪ್ಯೂಟರಿನ ಬಿಡಿಭಾಗ ಜೋಡಿಸುತ್ತಿದ್ದಳು. ಕಂಪ್ಯೂಟರನ್ನು ಇಡಿಯಾಗಿ ಅವಳೂ ಕಂಡಿರಲಿಲ್ಲ ಬಿಡಿ. ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಕೂದಲಿಗಿಂತ ಸಣ್ಣ ತಂತಿ ಕೂರಿಸುವ ಕೆಲಸ. ಸಂಜೆ ಬಂದವಳ ಸೆರಗಿನಲ್ಲಿ ಬೆಸುಗೆ ಹೊಗೆಯ ವಾಸನೆ, ಸ್ವಲ್ಪ ಸಾಂಬ್ರಾಣಿಯ ಹಾಗೆ. ನಾನು ಮುಖ ಹುದುಗಿಸಿ ಮೂಸುತ್ತಿದ್ದೆ. ಅವಳು ಕ್ಯಾಂಟೀನಿನ ಬನ್ನು ತೆಗೆದುಕೊಡುತ್ತಿದ್ದಳು. ಫ್ಯಾಕ್ಟರಿಗೆ ಹೋಗುವ ಅಕ್ಕ ಅಂತ ನನಗೆ ಜಂಬವೋ ಜಂಬ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಅವರೆಕಾಯಿ ಕಾಲ. ಮನೆಯೆಲ್ಲಾ ಸೊಗಡಿನ ಘಮ. ಯಾರು ಮೊದಲು ಮುಗಿಸುತ್ತೇವೆ ಅಂತ ಅಕ್ಕ, ನಾನು ಪಂದ್ಯ ಕಟ್ಟಿ ಕಾಯಿ ಸುಲಿಯುತ್ತಿದ್ದೆವು. ಸದಾ ಗೆಲ್ಲುವವಳು ಆ ಸಲ ದಿನಾ ಸೋತಳು. ಒಂದು ದಿನ ಹಿತಕಿದ ಬೇಳೆ ಸಾರಿನಲ್ಲಿ ಅಪ್ಪನಿಗೆ ಹುಳ ಸಿಕ್ಕಿತು.

"ಯಾರು ಸುಲಿದಿದ್ದು? ಕಣ್ಣೇನು ಕುರುಡಾ?"

"ನಾನೇ ಕಣಪ್ಪ" ಅಂದೆ. ಸುಲಿದದ್ದು ಅಕ್ಕ.

ಆಮೇಲೆ ಅಕ್ಕ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. "ಬಲಗಣ್ಣು ಮಂಜಾಗೈತೆ ಕಣೆ ಜಯಾ. ಬರೋ ವಾರ ಫ್ಯಾಕ್ಟ್ರೀಲಿ ಕಣ್ ಟೆಸ್ಟು. ಫೇಲಾದ್ರೆ ಮನೆಗೆ ಕಳಿಸ್ತಾರೆ."

"ಕನ್ನಡಕ ಹಾಕ್ಕೊ."

"ಅಯ್ಯೋ, ಕನ್ನಡಕದ ಹೆಣ್ಣನ್ನ ಯಾರು ಮಾಡ್ಕೊತಾರೆ ಅಂತ ಅವ್ವ ಎದೆ ಬಡ್ಕೊತಾಳೆ!"

ಟೆಸ್ಟಿನ ಹಲಗೆಯ ಇಂಗ್ಲಿಷ್ ಅಕ್ಷರಗಳನ್ನು ಜೊತೆ ಕೆಲಸದವಳೊಬ್ಬಳು ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಬಾಯಿಪಾಠ ಮಾಡಿಸುವ ಕೆಲಸ ನನ್ನದು. ಎಂಥಾ ಖುಷಿ ಅಂತೀರಿ! ಮಗ್ಗಿಯ ರಾಗದಲ್ಲಿ ಹಾಡಿಸಿದೆ. ತಪ್ಪಿದರೆ ಅವರೆ ಸಿಪ್ಪೆ ಎಸೆಯುತ್ತಿದ್ದೆ. ಟೆಸ್ಟಿನ ಸಂಜೆ ಅಕ್ಕ ಎರಡು ಬನ್ನು ತಂದಳು. "ಪಾಸಾಗ್ಬಿಟ್ಟೆ ಕಣೆ ಮೇಷ್ಟ್ರೆ!"

ಮುಂದಿನ ವರ್ಷವೂ ಅದೇ ಹಲಗೆ, ಅದೇ ರಾಗ. ಅಕ್ಕ ಪಾಸು.

ಅದರ ಮರುವರ್ಷ ಹಾಡಹಗಲೇ ಬಾಗಿಲು ಕಾಣದೆ ಹಣೆ ತಗುಲಿಸಿಕೊಂಡಳು. ಅಪ್ಪ ದೊಡ್ಡಾಸ್ಪತ್ರೆಗೆ ಕರೆದೊಯ್ದರು, ನಾನೂ ಹೋದೆ. ಕಣ್ಣಿನ ನರ ಒಣಗಿದೆ, ಎಡಗಣ್ಣೂ ಹೋಗುತ್ತಿದೆ ಅಂದರು ಡಾಕ್ಟರು. ಮೈಕ್ರೋಸ್ಕೋಪಿನಿಂದ ಬಂತೋ, ಮೊದಲೇ ಒಳಗಿತ್ತೋ, ಅದನ್ನು ಹೇಳಲು ಅವರಿಗೂ ಆಗಲಿಲ್ಲ.

"ಎರಡು ವರ್ಷದ ಹಿಂದೆ ಗೊತ್ತಾಗಿದ್ರೆ ಉಳಿಸಬಹುದಿತ್ತು. ಯಾರೂ ಟೆಸ್ಟ್ ಮಾಡ್ಲಿಲ್ವಾ?"

"ಫ್ಯಾಕ್ಟ್ರೀಲಿ ವರ್ಷ ವರ್ಷ ಮಾಡ್ತಿದ್ರು ಸಾರ್. ಪಾಸಾಗ್ತಿದ್ಲು" ಅಂದರು ಅಪ್ಪ.

ಅಕ್ಕ ನನ್ನ ಕೈ ಬಿಗಿಯಾಗಿ ಅದುಮಿದಳು. ನಾನು ಬಾಯಿ ಬಿಡಲಿಲ್ಲ. ಅಪ್ಪ ಸಾಯುವವರೆಗೂ ಬಿಡಲಿಲ್ಲ.

ಆ ಹೊಲಗಳ ಜಾಗದಲ್ಲಿ ಈಗ ಗಾಜಿನ ಕಟ್ಟಡಗಳು. ಅಂಗಡಿಯಿಂದ ತಂದ ಅವರೆಗೆ ಆ ಸೊಗಡಿಲ್ಲ. ಎರಡೂ ಕಣ್ಣು ಹೋದ ಅಕ್ಕನಿಗೆ ಫೋನೇ ಪೇಪರು ಓದಿ ಹೇಳುತ್ತದೆ, ಮಾತ್ರೆಯ ಹೆಸರು ಹೇಳುತ್ತದೆ. "ಎಂಥಾ ಒಳ್ಳೇ ಮಿಷನ್ನು ಕಣೆ ಇದು" ಅಂತ ಅದನ್ನು ಸವರುತ್ತಾಳೆ. ಅದು ಅವಳಿಗೆ ದಕ್ಕಿತಲ್ಲ ಅಂತ ನನಗೂ ಸಮಾಧಾನವೇ.

ಈಗಲೂ ಅವರೆ ಸುಲಿಯಲು ಕೂತರೆ ಬೆರಳಲ್ಲೇ ಹುಳ ಹಿಡಿಯುತ್ತಾಳೆ. ಸುಲಿಯುತ್ತಾ ಆ ಅಕ್ಷರಗಳನ್ನು ಮಗ್ಗಿಯ ರಾಗದಲ್ಲಿ ಗುನುಗುತ್ತಾಳೆ. ನಡುವೆ ನಿಲ್ಲಿಸಿ, "ಮುಂದಿಂದು ಹೇಳೇ ಮೇಷ್ಟ್ರೆ, ಮರ್ತೋಯ್ತು" ಅನ್ನುತ್ತಾಳೆ.

ನನಗೆ ಒಂದಕ್ಷರವೂ ಮರೆತಿಲ್ಲ. "ನಂಗೂ ಮರ್ತೋಯ್ತಕ್ಕ" ಅನ್ನುತ್ತೇನೆ.