ಟಪಾಲಕ್ಕನ ಹದಿಮೂರನೆಯ ಸಾಲು

ತಕ್ಕಡಿ ತಯಾರಿಸುವ ಆ ಕಂಪನಿಯ ಎರಡನೆಯ ಮಹಡಿಯಲ್ಲಿ ಯಾರ ಮೇಲ್ ಕೆಟ್ಟರೂ ಜನ ಮೊದಲು ಕೂಗುತ್ತಿದ್ದದ್ದು ಐಟಿಯವರನ್ನಲ್ಲ, ಟಪಾಲಕ್ಕನನ್ನು. ಕಾಗದಗಳು ಬಂದು ಹೋಗುತ್ತಿದ್ದ ಕಾಲದಲ್ಲಿ ಟಪಾಲು ಮೇಜಿಗೆ ಸೇರಿದವಳು. ಕಾಗದ ನಿಂತುಹೋದರೂ ಮೇಜು ಉಳಿಯಿತು, ಹೆಸರೂ ಉಳಿಯಿತು. ಅವಳು ಕಂಪ್ಯೂಟರ್ ಓದಿದವಳಲ್ಲ. ಕಳಿಸಿದ್ದು ತಲುಪಲೇಬೇಕು ಎಂಬ ಹಟವೊಂದಿತ್ತು, ಅಷ್ಟೇ.

ಅವಳ ಡ್ರಾಯರಿನಲ್ಲಿ ನೀಲಿ ರಟ್ಟಿನ ಒಂದು ಪುಸ್ತಕ. ಅದರ ಮೊದಲ ಪುಟದಲ್ಲಿ ದುಂಡಗಿನ ಅಕ್ಷರಗಳ ಹನ್ನೆರಡು ಸಾಲು. ಐಟಿಗೆ ಫೋನ್ ಮಾಡುವ ಮೊದಲು ನೋಡಬೇಕಾದವು. ಆರೇಳು ವರ್ಷ ತಪ್ಪು ಮಾಡಿ, ಬೈಸಿಕೊಂಡು, ಕಲಿತು ಬರೆದವು.

"ಅಕ್ಕಾ, ನನ್ನ ಮೇಲ್ ಸತ್ತೋಯ್ತು!" ಎಂದು ಸ್ವಾಗತದ ಮೇಜಿನ ಹುಡುಗಿ ಓಡಿ ಬಂದರೆ ಇವಳು ಕನ್ನಡಕ ಹುಡುಕುತ್ತಲೇ ಏಳುವಳು.

"ಅಳಬೇಡ, ಮೊದಲು ಉಸಿರಾಡ್ತಿದೆಯಾ ನೋಡೋಣ. ಏನು ಮುಟ್ಟಿದೆ?"

"ಏನೂ ಮುಟ್ಟಿಲ್ಲ ಅಕ್ಕಾ."

"ಎಲ್ಲರೂ ಹೀಗೇ ಹೇಳೋದು. ಪರದೆ ಮೇಲೆ ಏನು ಬಂದಿದೆಯೋ ಅದನ್ನ ಒಂದಕ್ಷರ ಬಿಡದೆ ಬರ್ಕೋ. ಪಕ್ಕದವರಿಗೆ ಮೇಲ್ ಬರ್ತಿದೆಯಾ ಕೇಳು. ಬರ್ತಿದ್ರೆ ಕಾಯಿಲೆ ನಿನ್ನದೇ. ವೈರು ಸಡಿಲ ಆಗಿದೆಯಾ? ಕಳಿಸಿದ್ದು ಹೊರಗೆ ಹೋಗದೆ ಅಲ್ಲೇ ಕೂತಿದೆಯಾ? ಪೆಟ್ಟಿಗೆ ತುಂಬಿದೆಯಾ? ತುಂಬಿದ್ರೂ ಹೆದರ್ಕೊಂಡು ಏನನ್ನೂ ಅಳಿಸಬೇಡ."

"ಪೆಟ್ಟಿಗೆ ತುಂಬಿದೆ, ಇಲ್ಲಿ ಒತ್ತಿ, ಪಾಸ್‌ವರ್ಡ್ ಕೊಡಿ ಅಂತ ಒಂದು ಮೇಲ್ ಬಂದಿತ್ತು. ಒತ್ತೋಣ ಅಂತಿದ್ದೆ."

"ಒತ್ತಿದ್ರೆ ಕೈ ಮುರೀತಿದ್ದೆ. ಪಾಸ್‌ವರ್ಡ್ ಯಾರಿಗೂ ಕೊಡಬೇಡ. ನನಗೂ ಬೇಡ, ಐಟಿಯವರಿಗೂ ಬೇಡ, ನಿನ್ನ ಗಂಡನಿಗೂ ಬೇಡ."

"ನನಗೆ ಮದುವೇನೇ ಆಗಿಲ್ಲ."

"ಒಳ್ಳೇದಾಯ್ತು. ಒಂದು ಅಪಾಯ ಕಮ್ಮಿ."

ಸುತ್ತಲಿನವರು ನಗುವರು. ಹತ್ತರಲ್ಲಿ ಎಂಟು ಸಲ ಹನ್ನೆರಡು ಸಾಲು ಮುಗಿಯುವುದರೊಳಗೆ ಮೇಲ್ ಬದುಕಿಕೊಳ್ಳುತ್ತಿತ್ತು. ಆ ಸಾಲುಗಳಲ್ಲಿ ಅವಳಿಗೆ ತುಂಬ ಇಷ್ಟವಾದದ್ದು ಒಂಬತ್ತನೆಯದು: 'ಓದಿದ ಚೀಟಿ ತಾನಾಗಿ ಹೋಗುವಂತೆ ಇಟ್ಟುಕೊಳ್ಳಬೇಕು.' ಯಾರಾದರೂ ಮೇಲ್ ಕಳಿಸಿ, ಓದಿದ್ದನ್ನು ತಿಳಿಸಿ ಎಂದು ಕೇಳಿದ್ದರೆ, ಇತ್ತ ಓದಿದ್ದೆಂದು ಗುರುತಾದ ಕೂಡಲೇ ಯಂತ್ರವೇ ಅತ್ತ ಒಂದು ಸಣ್ಣ ಚೀಟಿ ಕಳಿಸುತ್ತದೆ. "ಕಾಯೋರಿಗೆ ಅಷ್ಟಾದ್ರೂ ಗೊತ್ತಾಗ್ಲಿ ಪಾಪ," ಎನ್ನುತ್ತಿದ್ದಳು.

ಅವಳೂ ಕಾಯುತ್ತಿದ್ದಳು. ಅದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಬಂದವಳು ಹೆಗಲಿನ ಚೀಲ ಇಳಿಸುವ ಮೊದಲೇ ಕಂಪ್ಯೂಟರ್ ಹಚ್ಚುತ್ತಿದ್ದಳು. ಬಂದ ಮೇಲುಗಳ ಪಟ್ಟಿಯಲ್ಲಿ ಕಣ್ಣು ಒಂದೇ ಹೆಸರನ್ನು ಹುಡುಕುತ್ತಿತ್ತು. ಕಸದ ಪೆಟ್ಟಿಗೆಯನ್ನೂ ನೋಡುವಳು, ಅಲ್ಲೂ ಇರುತ್ತಿರಲಿಲ್ಲ. ಆಮೇಲೆ ಚೀಲ ಇಳಿಸುವಳು. ಹೀಗೆ ಹದಿನಾಲ್ಕು ತಿಂಗಳು.

ಅದು ಅವಳ ತಮ್ಮನ ಹೆಸರು. ಲಿಫ್ಟ್ ರಿಪೇರಿ ಮಾಡುವವನು, ಬೇರೆ ಊರಿನಲ್ಲಿ ಒಂಟಿಯಾಗಿ ಇದ್ದವನು. ಅಮ್ಮ ತೀರಿಕೊಂಡ ದಿನ ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗ್ರೀಸು ಮೆತ್ತಿದ ಅಂಗಿಯಲ್ಲೇ ಬಾಗಿಲಲ್ಲಿ ನಿಂತಿದ್ದ. "ಲಿಫ್ಟಲ್ಲಿ ಜನ ಸಿಕ್ಕಾಕ್ಕೊಂಡಿದ್ರು ಅಕ್ಕಾ," ಎಂದ. ಅವಳು ಎಲ್ಲರೆದುರಿಗೆ ಅಂದುಬಿಟ್ಟಳು: "ಯಾರ್ಯಾರಿಗೋ ಬಾಗಿಲು ತೆಗೀತಾ ಇರು. ಹೆತ್ತ ತಾಯಿ ಬಾಯಿಗೆ ನೀರು ಬಿಡೋಕೆ ಬರಬೇಡ. ಇನ್ನು ನನಗೆ ಫೋನ್ ಮಾಡಬೇಡ. ನಿನ್ನ ದನಿ ಕೇಳಿದ್ರೆ ಮೈ ಉರಿಯುತ್ತೆ. ಹೇಳೋದಿದ್ರೆ ಬರೆದು ಹೇಳು."

ಕೋಪ ಮೂರು ವಾರಕ್ಕೆ ಇಳಿಯಿತು. ಆದರೆ ಬರಿ ಎಂದವಳು ತಾನು, ಬರೆಯಬೇಕಾದವನು ಅವನು. ಅವನ ಒಂದು ಸಾಲು ಬಂದರೆ ಸಾಕು, ಅವತ್ತೇ ಬಸ್ಸು ಹತ್ತಬೇಕೆಂದು ಇದ್ದಳು. ಬರಲಿಲ್ಲ. ಎಂಟು ವರ್ಷ ಚಿಕ್ಕವನು, ಇವಳ ಸೊಂಟದ ಮೇಲೆ ಬೆಳೆದವನು. ಅವನಿಗೇ ಇಷ್ಟು ಬಿಗುಮಾನವಿದ್ದರೆ ತನಗಿರಬಾರದೇ? ಎಷ್ಟೋ ಸಲ ಅವನ ನಂಬರಿನವರೆಗೆ ಬೆರಳು ಒಯ್ದು ಫೋನನ್ನು ಮಗುಚಿ ಇಟ್ಟಳು.

ಒಂದು ಮಂಗಳವಾರ ನಕ್ಷೆ ಬರೆಯುವವನು ಮುಖ ಊದಿಸಿಕೊಂಡು ಬಂದ. ತಕ್ಕಡಿಯ ಬಿಡಿಭಾಗಗಳಿಗೆ ಅಚ್ಚು ಮಾಡುವ ಕಾರ್ಖಾನೆಯವರು ಮೂರು ವಾರದಿಂದ ಅವನಿಗೆ ಒಂದೂ ಮೇಲ್ ಕಳಿಸಿಲ್ಲವಂತೆ.

"ಸೊಕ್ಕು ಅಕ್ಕಾ ಅವರಿಗೆ. ಕೇಳಿದ್ರೆ ಕಳಿಸಿದೀವಿ ಅಂತ ಮುಖದ ಮೇಲೆ ಹೊಡೆದ ಹಾಗೆ ಸುಳ್ಳು ಹೇಳ್ತಾರೆ."

ಅವಳು ಹನ್ನೆರಡೂ ಸಾಲು ನೋಡಿದಳು. ಕಸದ ಪೆಟ್ಟಿಗೆ ಖಾಲಿ. ಬೇರೆಯವರ ಮೇಲ್ ಸರಾಗವಾಗಿ ಬರುತ್ತಿತ್ತು. ಬ್ರೌಸರಿನಲ್ಲಿ ತೆರೆದು ನೋಡಿದರೂ ಅದೇ ಕಥೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಐಟಿಗೆ ಫೋನ್ ಮಾಡಿದಳು. ಎತ್ತಿದವನು ಕೆಮ್ಮಣ್ಣ. ಕೆಮ್ಮದೆ ಮಾತು ಶುರು ಮಾಡದ ಆ ಮನುಷ್ಯನ ಮುಖವನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

"ನೀವು ನೋಡಿದೀರ ಅಂದ್ಮೇಲೆ ನನಗೆ ಅರ್ಧ ಕೆಲಸ ಮುಗೀತು," ಎಂದ ಕೆಮ್ಮಣ್ಣ. "ನಿಯಮ ಏನಾದ್ರೂ ಹಾಕಿದ್ದಾರಾ ನೋಡಿದ್ರಾ?"

"ಯಾವ ನಿಯಮ?"

"ಇಂಥವರ ಮೇಲ್ ಬಂದ್ರೆ ಇಂಥ ಕಡೆ ಎತ್ತಿಡು ಅಂತ ನಾವೇ ಯಾವತ್ತೋ ಹೇಳಿರ್ತೀವಲ್ಲ ಅಕ್ಕಾ. ನಾವು ಮರೀತೀವಿ. ಅದು ಮರೆಯಲ್ಲ."

ನಕ್ಷೆಯವನ ಯಂತ್ರದಲ್ಲಿ ಹುಡುಕಿದರೆ, ಇತ್ತು. ಅವನೇ ರಜೆಗೆ ಹೋಗುವ ಮುನ್ನ ಹಾಕಿದ್ದು. ಮೂರು ವಾರದ ಇಪ್ಪತ್ತಾರು ಮೇಲ್ ಒಂದು ಮೂಲೆಯ ಕಡತದಲ್ಲಿ ಸಾಲಾಗಿ ಕೂತಿದ್ದವು. ಅವನು ಮುಖ ಹುಳ್ಳಗೆ ಮಾಡಿಕೊಂಡು ತಲೆ ಕೆರೆದುಕೊಂಡ. "ಅವರನ್ನ ಸುಮ್ಮನೆ ಬೈದೆ ಅಲ್ವಾ ಅಕ್ಕಾ?"

ಅವಳು ಆಗಲೇ ಕೈಯಲ್ಲಿದ್ದ ನೀಲಿ ಪುಸ್ತಕ ತೆರೆದಿದ್ದಳು. ಪೆನ್ನಿನ ಮುಚ್ಚಳ ತೆಗೆದು ಪುಸ್ತಕದಲ್ಲಿ ಹದಿಮೂರು ಎಂದು ಅಂಕೆ ಹಾಕಿದ್ದಳು. ಕೈ ಅಲ್ಲೇ ನಿಂತಿತು.

ಎರಡು ವರ್ಷದ ಹಿಂದೆ. ದೊಡ್ಡ ಗಿರಾಕಿಯ ಕಡೆಯವರು ಪರಿಶೀಲನೆಗೆ ಬಂದ ವಾರ. ತಮ್ಮ ದಿನಾ ಕಳಿಸುತ್ತಿದ್ದ ಶುಭೋದಯದ ಹೂವು, ಪಿಯಾನೋ ಮೇಲೆ ನಡೆಯುವ ಬೆಕ್ಕು, ಹಲ್ಲಿಲ್ಲದ ಕೂಸಿನ ನಗೆ, ಎಲ್ಲ ಸೇರಿ ಅವಳ ಪೆಟ್ಟಿಗೆ ತುಂಬಿ, ಗಿರಾಕಿಯ ಮೇಲ್ ವಾಪಸ್ಸು ಹೋಗಿತ್ತು. ಮ್ಯಾನೇಜರು ಹಿಗ್ಗಾಮುಗ್ಗಾ ಬೈದಿದ್ದರು. ಅವತ್ತು ಮಧ್ಯಾಹ್ನ ಇವಳು ಹಲ್ಲು ಕಚ್ಚಿ ಒಂದು ನಿಯಮ ಹಾಕಿದ್ದಳು: ಇವನಿಂದ ಬಂದದ್ದು ನೇರ ಹಳೆಯ ಕಡತಗಳ ಅಡಿಗೆ ಹೋಗಲಿ, ಓದಿದ್ದೆಂದೇ ಗುರುತಾಗಲಿ. ಆಮೇಲೆ ಅವನು ಫೋನಿನಲ್ಲಿ "ಬೆಕ್ಕು ನೋಡಿದ್ಯಾ?" ಎಂದು ಕೇಳಿದಾಗಲೆಲ್ಲ "ನೋಡ್ದೆ, ನೋಡ್ದೆ," ಎಂದಿದ್ದಳು. ಆಮೇಲೆ ಮರೆತಳು.

ತನ್ನ ಮೇಜಿಗೆ ಹೇಗೆ ಬಂದಳೋ ತಿಳಿಯದು. ಹಳೆಯ ವರ್ಷಗಳ ಕಡತಗಳನ್ನು ಒಂದೊಂದೇ ಇಳಿದಳು. ಕೊನೆಯಲ್ಲಿ 'ತಮ್ಮ' ಎಂಬ ಕಡತ. ಹೂವು, ಬೆಕ್ಕು, ಕೂಸುಗಳ ಮೇಲೆ, ಜಗಳದ ನಂತರದವು ಹನ್ನೊಂದು.

ಮೊದಲನೆಯದು ಜಗಳವಾಗಿ ಐದನೆಯ ದಿನದ್ದು. 'ಅಕ್ಕಾ, ಫೋನ್ ಮಾಡಬೇಡ ಅಂದೆ. ಸರಿ, ಬರೀತೀನಿ. ಕೈ ಸುಮ್ಮನಿರಲ್ಲ ಅಂತ ನಿನ್ನ ನಂಬರನ್ನೇ ಅಳಿಸಿದೀನಿ. ಅವತ್ತು ಲಿಫ್ಟಲ್ಲಿ ಒಬ್ಬ ಹೆಂಗಸು, ಕೈಯಲ್ಲಿ ಕೂಸು. ಕೂಸು ಅತ್ತು ಅತ್ತು ದನಿ ನಿಂತುಹೋಗಿತ್ತು. ಅಮ್ಮ ಆಗಿದ್ರೆ ಬಿಟ್ಟು ಬಾ ಅಂತಿದ್ಲಾ?'

ನಾಲ್ಕನೆಯದು: 'ನೀನು ಓದಿದೆ ಅಂತ ಚೀಟಿ ಬರ್ತಾ ಇದೆ. ಕಳಿಸಿದ ನಿಮಿಷದಲ್ಲೇ ಬರುತ್ತೆ. ನನ್ನ ಮೇಲ್‌ಗೇ ಕಾಯ್ತಾ ಕೂತಿರ್ತೀಯ ಅನ್ಸುತ್ತೆ. ಉತ್ತರ ಬೇಡ ಬಿಡು. ಓದ್ತಿದ್ದೀಯಲ್ಲ, ಸಾಕು.'

ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಎದುರಿನ ಸಾಲಿನಲ್ಲಿ ಯಾರೋ ಮುದ್ರಣ ಯಂತ್ರಕ್ಕೆ ಹಾಳೆ ತುಂಬುತ್ತಿದ್ದರು.

ಏಳನೆಯದರಲ್ಲಿ ಎದೆಯ ಕವಾಟ ಸೋರುತ್ತಿದೆ ಎಂದಿತ್ತು. 'ನನ್ನ ಎದೆಗೂ ಮೆಕ್ಯಾನಿಕ್ ಬೇಕಂತೆ ನೋಡು.' ಎಂಟರಲ್ಲಿ ಆಪರೇಷನ್ನಿನ ತಾರೀಖು. 'ಬಾ ಅಂತಿಲ್ಲ. ತಾರೀಖು ಹೇಳ್ತಿದೀನಿ, ಅಷ್ಟೇ.' ಒಂಬತ್ತರಲ್ಲಿ ಅದೇ ತಾರೀಖು, ಇನ್ನೊಂದು ಸಲ, ಮೊದಲ ಮೇಲ್‌ನಲ್ಲಿ ಅಂಕೆ ತಪ್ಪಾಗಿ ಕಂಡಿತೇನೋ ಎಂಬಂತೆ ಬಿಡಿಸಿ ಬರೆದದ್ದು. ಹತ್ತು ಒಂದೇ ಸಾಲು: 'ನಾಳೆ ಬೆಳಿಗ್ಗೆ. ಭಯ ಆಗ್ತಿದೆ ಅಕ್ಕಾ.' ಆ ನಾಳೆ ಕಳೆದು ಐದು ತಿಂಗಳಾಗಿತ್ತು. ಅವತ್ತೂ ಅವಳು ಚೀಲ ಇಳಿಸುವ ಮೊದಲು ಪಟ್ಟಿ ನೋಡಿರಬೇಕು. ಕಲ್ಲೆದೆಯವನು ಎಂದುಕೊಂಡು ಚೀಲ ಇಳಿಸಿರಬೇಕು.

ಹನ್ನೊಂದನೆಯದು ಅವನ ವಿಳಾಸದಿಂದಲೇ ಬಂದದ್ದು. ಆದರೆ ಬರೆದವನು ಅವನಲ್ಲ. 'ಅಮ್ಮಾ, ನಾನು ಇವನ ಜೊತೆ ಕೆಲಸ ಮಾಡುವವನು. ಈ ಫೋನಿನಲ್ಲಿ ಅಕ್ಕ ಎಂಬ ಹೆಸರಿಗೆ ನಂಬರಿಲ್ಲ, ಈ ವಿಳಾಸ ಒಂದೇ ಇದೆ. ಆಪರೇಷನ್ ಮುಗಿದು ಎರಡನೆಯ ದಿನ ಸಂಜೆ ಹೋಗಿಬಿಟ್ಟ. ನೀವು ಬರುತ್ತೀರೆಂದು ಒಂದು ದಿನ ಕಾಯ್ದೆವು. ಅವನ ಕೊನೆಯ ಮೇಲ್ ಓದಿದಿರೆಂದು ಚೀಟಿ ಬಂದಿತ್ತು, ಆದರೆ ನೀವು ಬರಲಿಲ್ಲ. ನಾವೇ ಎಲ್ಲ ಮಾಡಿದೆವು. ಅವನ ಸಾಮಾನಿನ ಡಬ್ಬಿ ನನ್ನ ಹತ್ತಿರ ಇದೆ.'

ಮೇಜಿನ ಫೋನು ಮೂರು ಸಲ ಬಡಿದುಕೊಂಡ ಮೇಲೆ ಎತ್ತಿದಳು. ಕೆಮ್ಮು ಕೇಳಿಸಿತು.

"ಅಕ್ಕಾ, ನಕ್ಷೆಯವರದ್ದು ಸರಿಹೋಯ್ತಾ? ದೂರು ಮುಚ್ಚಿಬಿಡ್ಲಾ?"

"ಮುಚ್ಚಿ," ಎಂದಳು. ಆಮೇಲೆ, "ಒಂದು ಕೇಳ್ಲಾ? ಓದಿದೆ ಅಂತ ಹೋದ ಚೀಟೀನ ವಾಪಸ್ ತಗೊಳ್ಳೋಕೆ ಆಗುತ್ತಾ?"

"ಇಲ್ಲ ಅಕ್ಕಾ. ಹೋದದ್ದು ಹೋದ ಹಾಗೇ. ಯಾಕೆ, ತಪ್ಪಾಗಿ ಯಾರಿಗಾದ್ರೂ ಹೋಯ್ತಾ?"

"ಹೂಂ," ಎಂದಳು. "ತಪ್ಪಾಗಿ ಹೋಯ್ತು."

ಅವನು ಕೆಮ್ಮಿ ಇನ್ನೇನೋ ಕೇಳುವುದರೊಳಗೆ ಅವಳೇ ಫೋನ್ ಇಟ್ಟಳು.

ನಿಯಮವನ್ನು ಅಳಿಸಿದಳು. ಖಚಿತವೇ ಎಂದು ಯಂತ್ರ ಕೇಳಿತು. ಹೌದು ಒತ್ತಿದಳು. ಹನ್ನೊಂದು ಮೇಲುಗಳನ್ನೂ ಒಂದೊಂದಾಗಿ ಮುಖ್ಯ ಪಟ್ಟಿಗೆ ತಂದಳು. ಪ್ರತಿಯೊಂದನ್ನೂ 'ಓದಿಲ್ಲ' ಎಂದು ಗುರುತು ಮಾಡಿದಳು. ತಮ್ಮನ ಹೆಸರು ಹನ್ನೊಂದು ಸಲ ದಪ್ಪ ಅಕ್ಷರದಲ್ಲಿ ಮೂಡಿತು. ಹದಿನಾಲ್ಕು ತಿಂಗಳು ಬೆಳಿಗ್ಗೆ ಬೆಳಿಗ್ಗೆ ಅವಳು ಹುಡುಕಿದ್ದು ಇದನ್ನೇ.

ಕೊನೆಯದಕ್ಕೆ ಉತ್ತರ ಬರೆದಳು. ಬರೆದು ಅಳಿಸಿ, ಬರೆದು ಅಳಿಸಿ, ಉಳಿದದ್ದು ಎರಡು ಮಾತು: 'ಈಗ ಓದಿದೆ.' ಕಳಿಸಿದಳು. ವಿಳಾಸವೇ ಇಲ್ಲವೆಂದು ವಾಪಸ್ಸು ಬರಬಹುದು ಎಂದು ಕಾದು ಕೂತಳು. ವಾಪಸ್ಸು ಬಂದರೆ ಏನೇನು ನೋಡಬೇಕೆಂದು ಅವಳಿಗೆ ಗೊತ್ತಿತ್ತು.

ವಾಪಸ್ಸು ಬರಲಿಲ್ಲ. ಕಾಲು ಗಂಟೆಗೆ, ತಮ್ಮನ ಹೆಸರಿನಿಂದ ಹನ್ನೆರಡನೆಯ ಮೇಲ್ ಬಂತು.

'ಅಮ್ಮಾ, ಈ ಫೋನನ್ನು ದಿನಾ ಚಾರ್ಜ್ ಮಾಡಿ ಇಡುತ್ತಿದ್ದೇನೆ. ನಮ್ಮಕ್ಕ ಒಂದಲ್ಲ ಒಂದು ದಿನ ಬರೀತಾಳೆ, ಆಗ ಸ್ವಿಚ್ ಆಫ್ ಆಗಿರಬಾರದು ಅಂತ ಹೇಳಿದ್ದ. ಡಬ್ಬಿ ತಗೊಳ್ಳೋಕೆ ಯಾವಾಗ ಬರ್ತೀರ?'

ಅವಳು ಎದ್ದು ಚೀಲವನ್ನು ಹೆಗಲಿಗೆ ಹಾಕಿದಳು. ನೀಲಿ ಪುಸ್ತಕ ತೆರೆದೇ ಬಿದ್ದಿತ್ತು, ಹದಿಮೂರರ ಮುಂದೆ ಖಾಲಿ. ನಿಂತುಕೊಂಡೇ, ಅಂಕುಡೊಂಕಾಗಿ ಬರೆದಳು: 'ಅವರು ಕಳಿಸಿಲ್ಲ ಅನ್ನುವ ಮೊದಲು ನಮ್ಮ ನಿಯಮ ನೋಡಬೇಕು.'

ಸ್ವಾಗತದ ಮೇಜಿನ ಹುಡುಗಿ ತಲೆ ಎತ್ತಿ ಕೇಳಿದಳು. "ಎಲ್ಲಿಗಕ್ಕಾ, ಈ ಹೊತ್ತಲ್ಲಿ? ಯಾರಾದ್ರೂ ಮೇಲ್ ಸತ್ತೋಯ್ತು ಅಂದ್ರೆ ನಾನೇನು ಹೇಳ್ಲಿ?"

"ಪುಸ್ತಕ ಮೇಜಿನ ಮೇಲಿದೆ," ಎಂದಳು ಟಪಾಲಕ್ಕ. "ಕೊನೇ ಸಾಲಿಂದ ಶುರು ಮಾಡು."

ಲಿಫ್ಟಿನ ಗುಂಡಿ ಒತ್ತಿ ನಿಂತಳು. ಬಾಗಿಲು ತೆರೆಯಿತು. ಒಳಗೆ ಹೋಗಲಾಗಲಿಲ್ಲ. ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದಳು.