ಮುನವ್ವರ್ ಬೀ ಊದುವುದನ್ನು ಬಿಟ್ಟಳು

ಮಾನ್ವಿಯ ಬಳೆಗಾರ್ತಿ ಮುನವ್ವರ್ ಬೀಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಅವಳ ಉಸಿರಿಗೆ ಊರೇ ಮರ್ಯಾದೆ ಕೊಡುತ್ತಿತ್ತು. ಕೂಸು ರಚ್ಚೆ ಹಿಡಿದರೆ, ಜ್ವರ ಬಿಡದಿದ್ದರೆ, ತಾಯಂದಿರು ಗುರುವಾರ ಸಂಜೆ ಅವಳ ಕಟ್ಟೆಯ ಮುಂದೆ ಸಾಲು ಹಚ್ಚುತ್ತಿದ್ದರು. ಮುಲ್ಲಾ ಸಾಬರ ಸೊಸೆಯಿರಲಿ, ಲಿಂಗ ಕಟ್ಟಿದ ಗೌಡತಿಯಿರಲಿ, ಅಲ್ಲಿ ಎಲ್ಲರೂ ಒಂದೇ. ತಾಯಿ ಕಲಿಸಿದ ದುವಾ ಹೇಳಿ ಕೂಸಿನ ಮುಖಕ್ಕೆ ಮೂರು ಸಲ ಊದುವಳು. ಅದಕ್ಕೆ ಕಾಸು ಮುಟ್ಟುತ್ತಿರಲಿಲ್ಲ. ಹೊಟ್ಟೆಗೆ ಬಳೆ ವ್ಯಾಪಾರ ಇತ್ತಲ್ಲ!

ಎಪ್ಪತ್ತೆಂಟನೇ ಇಸವಿಯಲ್ಲಿ ಅವಳಿಗೆ ಕೆಮ್ಮು ಹತ್ತಿತು. ತಿಂಗಳಾದರೂ ಬಿಡಲಿಲ್ಲ. ರಾಯಚೂರಿನಲ್ಲಿ ಎದೆಯ ಫೋಟೋ ನೋಡಿದ ಡಾಕ್ಟರು, "ಟಿ.ಬಿ. ಅದ. ಮದ್ದು ತಗೊಂಡ್ರ ಹೋಗ್ತದ. ಬಾಯಿಗೆ ಅರಿವಿ ಕಟ್ಕೋ. ಕೂಸುಗಳ ಮುಖದ ಹತ್ರ ಹೋಗಬ್ಯಾಡ" ಎಂದರು.

ಬಸ್ಸಿನ ದಾರಿಯುದ್ದಕ್ಕೂ ಅವಳು ಎಣಿಸಿದ್ದು ತಾನು ಊದಿದ ಮಕ್ಕಳನ್ನು. ಯಾ ಅಲ್ಲಾ, ಹೋದ ಗುರುವಾರವೇ ಒಂಬತ್ತು!

ಹೇಳಿದರೆ ಬಳೆ ತೊಡಲು ಕ್ಷಯದವಳಿಗೆ ಯಾರು ಕೈ ಚಾಚುತ್ತಾರೆ? ಶ್ರಾವಣದ ವ್ಯಾಪಾರವೇ ಅವಳ ವರ್ಷದ ಗಂಜಿ. ಬಾಯಿಗೆ ಬಟ್ಟೆ ಕಟ್ಟಿ, ಊದಿಸಲು ಬಂದವರಿಗೆ ಹಲ್ಲುನೋವು ಎಂದಳು. ಪಾಪ, ಸುಳ್ಳು ಹೇಳಿ ರೂಢಿಯಿಲ್ಲದ ಹೆಂಗಸು, ಎರಡು ವಾರ ಹೇಗೋ ತಳ್ಳಿದಳು.

ಮೂರನೇ ಗುರುವಾರ ಹಿರೇಕೊಟ್ನೆಕಲ್ಲಿನ ಹಂಪಮ್ಮ ಮೊಮ್ಮಗನನ್ನು ಎತ್ತಿಕೊಂಡು ಬಂದಳು. "ಮೂರು ದಿನ ಆತು, ಸುಡಾಕತ್ತಾನ. ಊದು ಯವ್ವಾ."

"ಹಲ್ಲು ನೋಯ್ತದ, ಹಂಪವ್ವ."

"ಹಲ್ಲು ನೋಯ್ತಿದ್ರ ಉಸಿರು ನಿಲ್ತದೇನು?" ಎಂದವಳೇ ಹಂಪಮ್ಮ ಬಟ್ಟೆಯನ್ನು ಗದ್ದಕ್ಕೆ ಎಳೆದು, ಕೂಸನ್ನು ಮುಖದ ಮುಂದೆ ಹಿಡಿದಳು.

ಆ ಕಾದ ಕೆನ್ನೆ ಗೇಣು ದೂರದಲ್ಲಿತ್ತು. ಮುನವ್ವರ್ ಬೀಗೆ ಕೆಮ್ಮು ಉಕ್ಕಿ ಬಂತು. ಗೋಡೆಗೆ ಮುಖ ತಿರುಗಿಸಿ ಕೂಗಿದಳು: "ದೂರ ಸರಿ! ನನಗ ಟಿ.ಬಿ. ಅದ!"

ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಅವಳು ಬಟ್ಟೆ ಏರಿಸಿಕೊಂಡು ಹೇಳಿದಳು: "ಇದೇ ಬಾಯಿಲೆ ನಿಮ್ಮ ಮಕ್ಕಳಿಗೆ ಊದೀನಿ. ಎಲ್ಲಾರನ್ನೂ ದವಾಖಾನಿಗೆ ತೋರಸ್ರಿ. ಆವಾಗ ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲೂ ಹೇಳಲಿಲ್ಲ, ಅದು ನನ್ನ ತಪ್ಪು."

ಗಳಿಗೆಯಲ್ಲಿ ಕಟ್ಟೆ ಖಾಲಿಯಾಯಿತು. ಒಬ್ಬಳು ಮಣ್ಣು ತೂರಿ ಶಾಪ ಹಾಕಿಹೋದಳು. ಶ್ರಾವಣ ಬಂದರೂ ಕೊಳ್ಳುವವರಿಲ್ಲದೆ ಬಳೆ ಮಲಾರದ ಗಂಟು ಬಿಚ್ಚಲಿಲ್ಲ. ಇಂಥವರ ಕೂಸಿಗೆ ಏನೂ ಇಲ್ಲವಂತೆ ಎಂಬ ಸುದ್ದಿ ಒಂದೊಂದಾಗಿ ಬಂದಾಗಲೆಲ್ಲ ಬಿಕ್ಕಿ ಬಿಕ್ಕಿ ಅತ್ತಳು.

ಶ್ರಾವಣದ ಕೊನೆಯ ಸೋಮವಾರ ಹಂಪಮ್ಮ ಬಂದಳು. "ಮೊಮ್ಮಗಂದು ಮಲೇರಿಯಾ. ಈಗ ಆರಾಮ ಆಗ್ಯಾನ" ಎಂದು ಕಟ್ಟೆಯ ತುದಿಗೆ ಕೂತಳು. ಮುಖ ಬೀದಿಯ ಕಡೆ ತಿರುಗಿಸಿ, ತೋಳನ್ನು ಪೂರಾ ಚಾಚಿದಳು.

"ಹೆದರಿಕಿ ಆಗ್ತದ ಬೇ, ಸುಳ್ಳು ಯಾಕ ಹೇಳ್ಲಿ. ಹಸರು ಬಳಿ ತೊಡಸು, ಲಗೂನ."

ಮುನವ್ವರ್ ಬೀ ಬಾಯಿಯ ಬಟ್ಟೆಯನ್ನು ಇನ್ನಷ್ಟು ಬಿಗಿದುಕೊಂಡು, ಆ ಕೈ ಹಿಡಿದಳು.