ಉಂಡದ್ದು ಯಾರ ಮನೆಯಲ್ಲಿ?

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ತೊಡಗಿದರೆ ಎದ್ದು ಹೋಗುವವಳು ನಾನು. ಸ್ಟಾಫ್ ರೂಮಿನಲ್ಲಿ ಊಟದ ಹೊತ್ತಿಗೆ ಒಬ್ಬರು ತಮ್ಮ ಅತ್ತೆಗೆ ಬಡಿದ ಗಾಳಿಯ ಕತೆ ತೆಗೆಯುತ್ತಾರೆ, ಇನ್ನೊಬ್ಬರು ಅದಕ್ಕೆ ತಮ್ಮೂರಿನದೊಂದನ್ನು ಜೋಡಿಸುತ್ತಾರೆ. ನಾನು ಡಬ್ಬಿ ತೊಳೆಯುವ ನೆಪ ಮಾಡಿಕೊಂಡು ನಲ್ಲಿಯ ಕಡೆ ಹೋಗಿಬಿಡುತ್ತಿದ್ದೆ. ನಮ್ಮದು ಬೌದ್ಧರ ಮನೆ. ಅಪ್ಪ ತನ್ನ ಹರೆಯದಲ್ಲೇ ಜಗುಲಿಯ ಮೇಲಿದ್ದ ದೇವರನ್ನೆಲ್ಲ ಇಳಿಸಿ ಬುದ್ಧನ ಪಟವೊಂದನ್ನು ಇಟ್ಟವನು. ನಮ್ಮೂರು ಸರಸಂಬಾದಲ್ಲಿ ಹುಣಸೆಮರವೊಂದರ ಕೆಳಗೆ ದೆವ್ವವಿದೆಯೆಂದು ಜನ ದೂರದಿಂದಲೇ ಸುತ್ತುಹಾಕಿ ಹೋಗುತ್ತಿದ್ದರು. ಅಪ್ಪ ಬೇಸಿಗೆ ಬಂದರೆ ಅದರ ಬುಡಕ್ಕೇ ಹೊರಸು ಹಾಕಿಕೊಂಡು ಮಲಗುತ್ತಿದ್ದ. "ನೆರಳು ಛಲೋ ಅದ. ಮ್ಯಾಲ ಮಾತಾಡ್ಸಾಕ ಯಾರೂ ಬರಾಂಗಿಲ್ಲ" ಎಂದು ನಗುತ್ತಿದ್ದ. ಅವನ ಮಗಳು ನಾನು. ಆಳಂದದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಆದ್ದರಿಂದ ಮುಂದೆ ಹೇಳುವುದನ್ನು ನೀವು ನಂಬಬೇಕೆಂದು ಕೇಳಲಾರೆ. ನಾನೇ ನಂಬಿದ್ದೇನೋ ಇಲ್ಲವೋ, ಅದೂ ನನಗೆ ಸರಿಯಾಗಿ ಗೊತ್ತಿಲ್ಲ.

ಇದು ನಡೆದದ್ದು ಕೆಲವು ವರ್ಷಗಳ ಹಿಂದೆ, ಅವ್ವ ತೀರಿಕೊಂಡ ಮರುಬೇಸಿಗೆಯಲ್ಲಿ. ಅವ್ವ ಬಹಳ ಕಾಲ ಹಾಸಿಗೆ ಹಿಡಿದಿದ್ದಳು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ, ನಾನು ಮದುವೆಯಾಗಿಲ್ಲ, ತಂಗಿಯನ್ನು ಜೇವರ್ಗಿಗೆ ಕೊಟ್ಟಿದೆ. ಹಾಗಾಗಿ ಅವ್ವನ ಚಾಕರಿಯೆಲ್ಲ ನನ್ನದೇ. ಬೆಳಿಗ್ಗೆ ಎಬ್ಬಿಸಿ ಮೈ ಒರೆಸುವುದು, ಗುಳಿಗೆ, ಗಂಜಿ, ಆಮೇಲೆ ಶಾಲೆ, ಮಧ್ಯಾಹ್ನ ಓಡಿಬಂದು ಊಟ ಮಾಡಿಸುವುದು, ಮತ್ತೆ ಶಾಲೆ, ಸಂಜೆ ಮತ್ತೆ ಅದೇ. ಇದೊಂದು ಮುಗಿದರೆ ಸಾಕು, ಒಂದು ದಿನ ಪೂರ್ತಿ ಮಲಗುತ್ತೇನೆ ಎಂದು ಅಂದುಕೊಳ್ಳದ ದಿನವಿರಲಿಲ್ಲ. ಅದು ಮುಗಿಯಿತು. ಬಂಧುಬಳಗ ಬಂದು ಹೋಯಿತು. ಬಯಸಿದ ವಿಶ್ರಾಂತಿ ಬಂದು ಮನೆಯ ತುಂಬ ಕುಳಿತುಕೊಂಡಿತು. ಆದರೆ ಅದನ್ನು ಏನು ಮಾಡಬೇಕೆಂಬುದು ನನಗೆ ತಿಳಿಯಲಿಲ್ಲ.

ದುಃಖ ಎಂದರೆ ಅಳು ಎಂದು ತಿಳಿದಿದ್ದೆ. ನನಗೆ ಅಳು ಬರಲಿಲ್ಲ. ದಣಿವು ಬಂತು. ಎಷ್ಟು ಮಲಗಿದರೂ ಇಳಿಯದ ದಣಿವು. ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತ ಬರೆಯುತ್ತ, ಇದರ ಉತ್ತರ ಸಿಕ್ಕು ಆಗಬೇಕಾದ್ದೇನು ಎಂದು ಕೈ ನಿಂತುಬಿಡುತ್ತಿತ್ತು. ಹಲ್ಲುಜ್ಜುವುದು, ಸೀರೆ ಉಡುವುದು, ಕೀಲಿ ಹಾಕುವುದು, ಕೀಲಿ ತೆಗೆಯುವುದು; ಇದನ್ನೆಲ್ಲ ಜನ ದಿನವೂ ಹೇಗೆ ಮಾಡುತ್ತಾರೆ, ಯಾರಿಗಾಗಿ ಮಾಡುತ್ತಾರೆ ಎಂದು ಬೀದಿಯಲ್ಲಿ ಹೋಗುವವರ ಮುಖ ನೋಡುತ್ತಿದ್ದೆ. ಮನೆಯಲ್ಲಿ ಒಲೆ ಹಚ್ಚುವುದನ್ನು ಬಿಟ್ಟಿದ್ದೆ. ಹಸಿವಾದರೆ ಬಿಸ್ಕತ್ತು, ಇಲ್ಲವೇ ಖಾನಾವಳಿಯಿಂದ ತಂದ ಎರಡು ರೊಟ್ಟಿ. ಸಾಯಬೇಕೆಂದು ಅನ್ನಿಸಿತ್ತೇ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ. ನಾಳೆ ಯಾಕೆ ಬರಬೇಕು ಎಂಬುದು ಮಾತ್ರ ಅರ್ಥವಾಗುತ್ತಿರಲಿಲ್ಲ.

ಆ ದಿನಗಳಲ್ಲಿ ನನ್ನನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೆಲಸಕ್ಕೆ ಅಫಜಲಪುರಕ್ಕೆ ಹಾಕಿದ್ದರು. ಪೇಪರು ಮುಗಿದ ಮೇಲೆ ಕಲಬುರಗಿ ಬಸ್ಸು ಹತ್ತಿ, ಅಲ್ಲಿಂದ ಆಳಂದಕ್ಕೆ ಬರಬೇಕು. ಅವತ್ತು ಬಿಸಿಲು ವಿಪರೀತ. ಬಸ್ಸಿನ ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತಿತ್ತು. ತೊಗರಿ ಕೊಯ್ದು ಬರಿದಾದ ಕಪ್ಪು ಹೊಲಗಳನ್ನು ನೋಡುತ್ತ ಕುಳಿತಿದ್ದೆ. ಅತನೂರ ಬಂತು. ಯಾರೋ ಗಂಟುಮೂಟೆ ಇಳಿಸುತ್ತಿದ್ದರು. ಅವರ ಹಿಂದೆ ನಾನೂ ಇಳಿದೆ. ಅಲ್ಲಿ ನನಗೆ ಯಾರೂ ಇಲ್ಲ, ಕೆಲಸವೂ ಇಲ್ಲ. ಮನೆ ಮುಟ್ಟುವುದು ಬೇಡವೆನ್ನಿಸಿತು, ಅಷ್ಟೇ. ಕಂಡಕ್ಟರ್ "ಕಲಬುರ್ಗಿಗಿ ಅಂದಿದ್ರಲ್ರೀ?" ಎಂದು ಕೂಗಿದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ಬಸ್ಸು ಹೋಯಿತು.

ಓಣಿಯೊಂದನ್ನು ಹಿಡಿದು ನಡೆದೆ. ಎಲ್ಲರೂ ಬಾಗಿಲು ಮುಂದೆ ಮಾಡಿಕೊಂಡು ಮಲಗಿದ್ದ ಹೊತ್ತು. ಓಣಿಯ ಕೊನೆಯಲ್ಲಿ, ಬೇವಿನ ಮರದ ಬಳಿ, ಒಂದು ಮನೆಯ ಬಾಗಿಲು ಮಾತ್ರ ತೆರೆದಿತ್ತು. ಹೊಸ್ತಿಲ ಮೇಲೆ ನನ್ನದೇ ವಯಸ್ಸಿನ ಹೆಣ್ಣುಮಗಳೊಬ್ಬಳು ಸೆರಗು ತಲೆಯ ಮೇಲೆ ಹೊದ್ದು ಕೂತಿದ್ದಳು. ನನ್ನನ್ನು ಕಂಡವಳೇ ಎದ್ದು ನಿಂತಳು.

"ಬಂದ್ರೇನಕ್ಕಾ? ಬಿಸಲು ಭಾಳ ಅದ, ಒಳಗ ಬರ್ರಿ."

ನಾನು ಬರುವುದು ಗೊತ್ತಿದ್ದು, ಸ್ವಲ್ಪ ತಡವಾಯಿತೆಂಬಂತೆ ಹೇಳಿದಳು. ಬೇರೆ ಯಾರನ್ನೋ ಕಾಯುತ್ತಿದ್ದಾಳೆ, ತಪ್ಪು ತಿಳಿದಿದ್ದಾಳೆ ಎಂದುಕೊಂಡೆ. ತಿದ್ದುವಷ್ಟು ಶಕ್ತಿ ನನ್ನಲ್ಲಿರಲಿಲ್ಲ. ಒಳಗೆ ಶಹಾಬಾದಿ ಕಲ್ಲಿನ ನೆಲ ತಣ್ಣಗಿತ್ತು. ತಂಬಿಗೆ ನೀರು ಕೊಟ್ಟಳು. ನಮ್ಮ ಕಡೆ ಗುರುತಿಲ್ಲದವರಿಗೆ ನೀರು ಕೊಡುವ ಮೊದಲು ಯಾವ ಊರು, ಯಾರ ಪೈಕಿ ಎಂದು ಕೇಳುವುದು ವಾಡಿಕೆ. ಆ ಪ್ರಶ್ನೆ ಬರಲೆಂದು ನಾನು ತಂಬಿಗೆ ಹಿಡಿದುಕೊಂಡೇ ನಿಂತಿದ್ದೆ. ಅದು ಬರಲಿಲ್ಲ. ಅವಳು ನೇರವಾಗಿ ಅಡುಗೆಮನೆಗೆ ಹೋಗಿ ಕರೆದಳು.

"ಹಿಟ್ಟು ನಾದೀನಿ. ನೀವು ಬಡೀರಿ, ನಾ ಬೇಯಿಸ್ತೇನಿ."

ಒಲೆಯಲ್ಲಿ ತೊಗರಿಕಟ್ಟಿಗೆ ಉರಿಯುತ್ತಿತ್ತು. ನಾನು ಬಾಗಿಲಲ್ಲೇ ನಿಂತು, "ನಾವು ಬೌದ್ಧರು ರೀ" ಎಂದೆ. ಹೇಳದೆ ಒಳಗೆ ಕಾಲಿಡಲು ಮನಸ್ಸಾಗಲಿಲ್ಲ.

"ಹಿಟ್ಟು ಆರಾಕತ್ತದಕ್ಕಾ, ಲಗೂ ಬರ್ರಿ" ಎಂದಳು.

ಕುಳಿತೆ. ಎಷ್ಟೋ ತಿಂಗಳ ಮೇಲೆ ಕೈಗೆ ಬಿಸಿ ಹಿಟ್ಟು ಹತ್ತಿತು. ಮೊದಲ ರೊಟ್ಟಿ ಅಂಚಿನಲ್ಲಿ ಸೀಳಿತು. ಎರಡನೆಯದು ನೆಟ್ಟಗಾಯಿತು. ನಾನು ಬಡಿದು ಕೊಟ್ಟಂತೆ ಅವಳು ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕುತ್ತಿದ್ದಳು. ಆಮೇಲೆ ಅವಳೇ ಹೇಳಿದಳು. ಹೆಸರು ಕಸ್ತೂರಿಬಾಯಿ. ಗಂಡ ಹೊಲಕ್ಕೆ ಹೋಗಿದ್ದಾನೆ. ಈ ಅಡುಗೆಮನೆಯಲ್ಲಿ ಅವಳೂ ಅವಳ ನೆಗೆಣ್ಣಿಯೂ, ಅಂದರೆ ಗಂಡನ ಅಣ್ಣನ ಹೆಂಡತಿಯೂ, ಮದುವೆಯಾಗಿ ಬಂದಂದಿನಿಂದ ಹೀಗೆಯೇ ಎದುರುಬದುರು ಕೂತು ರೊಟ್ಟಿ ಮಾಡಿದವರು. ಒಬ್ಬರು ಬಡಿಯುವುದು, ಒಬ್ಬರು ಬೇಯಿಸುವುದು. ಹಿಂದಿನ ಮಳೆಗಾಲದಲ್ಲಿ ನೆಗೆಣ್ಣಿ ತೀರಿಕೊಂಡಳು.

"ಅಕಿ ಹೋದಾಗಿಂದ ನಾನs ಬಡದು ನಾನs ಬೇಯಿಸ್ಬೇಕ್ರಿ. ಒಂದು ಹೊತ್ತತದ, ಒಂದು ಹರೀತದ. ಯಾತಕ್ಕ ಮಾಡಾಕತ್ತೇನಿ ಅಂತ ಅನಸ್ತದ."

"ನನಗೂ ಹಾಂಗs ಅನಸ್ತದ್ರಿ" ಎಂದೆ. ಅವ್ವನ ವಿಷಯ ಹೇಳಿದೆ. ತಂಗಿಗೂ ಹೇಳದ್ದನ್ನು, ನಾಳೆ ಬರುವುದು ಬೇಡವೆನ್ನಿಸುವ ಮಾತನ್ನು, ಅವಳಿಗೆ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ. "ಹೌದ್ರಿ, ಅನಸ್ತದ" ಎಂದಷ್ಟೇ ಅಂದು ಉರಿ ಮುಂದೆ ಮಾಡಿದಳು. ಇಬ್ಬರೂ ಉಂಡೆವು. ಪುಂಡಿಪಲ್ಯ, ಶೇಂಗಾದ ಹಿಂಡಿ, ಮಜ್ಜಿಗೆ. ಉಂಡು ಗೋಡೆಗೊರಗಿ ಕೂತವಳಿಗೆ ಹಾಗೇ ನಿದ್ದೆ ಹತ್ತಿತು. ಅವ್ವ ಹೋದ ಮೇಲೆ ಮೊದಲ ಬಾರಿಗೆ ಕನಸಿಲ್ಲದ ನಿದ್ದೆ. ಎದ್ದಾಗ ಬಿಸಿಲು ಇಳಿದಿತ್ತು. ಅವಳು ಬಸ್ ನಿಲ್ಲುವಲ್ಲಿಯವರೆಗೆ ಬಂದು ಹತ್ತಿಸಿ ಹೋದಳು. ನಾನು ಮನೆ ಮುಟ್ಟಿದೆ. ಮರುದಿನ ಎದ್ದು ಶಾಲೆಗೆ ಹೋದೆ.

ಇಷ್ಟರಲ್ಲಿ ವಿಚಿತ್ರವೇನೂ ಇಲ್ಲ. ನಮ್ಮ ಸೀಮೆಯಲ್ಲಿ ಹಸಿದವರಿಗೆ ರೊಟ್ಟಿ ಹಾಕುವವರು ಇನ್ನೂ ಇದ್ದಾರೆ. ನಾನೂ ಹಾಗೆಂದೇ ತಿಳಿದು, ದೀಪಾವಳಿ ಕಳೆದ ಮೇಲೆ ಮತ್ತೆ ಅಫಜಲಪುರದಲ್ಲಿ ತರಬೇತಿ ಬಿದ್ದಾಗ ಒಂದಿಷ್ಟು ಹಣ್ಣು ಕಟ್ಟಿಸಿಕೊಂಡು ಅತನೂರದಲ್ಲಿ ಇಳಿದೆ. ಅದೇ ಓಣಿ, ಅದೇ ಬೇವು, ಅದೇ ಮನೆ. ಕಸ್ತೂರಿಬಾಯಿ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟು ಓಡಿಬಂದು ಎರಡೂ ಕೈ ಹಿಡಿದುಕೊಂಡಳು.

"ನೀವ್ಯಾಕ ಬಂದ್ರೀ ಅಕ್ಕಾ? ನಾನs ಬರಬೇಕಂತ ಮಾಡಿದ್ದೆ. ಅವತ್ತು ನಿಮ್ಮ ಮನ್ಯಾಗ ಉಂಡು ಬಂದಾಕಿ, ಒಂದು ಮಾತು ಹೇಳಿ ಕಳಸಾಕ ಆಗಲಿಲ್ಲ."

ನಾನು ನಕ್ಕೆ. "ನಿಮ್ಮ ಮನ್ಯಾಗ ನಾ ಉಂಡೀನ್ರಿ" ಎಂದೆ.

ಅವಳು ನಗಲಿಲ್ಲ. "ಏನಂತೀರಿ? ನಾ ಈ ಮನಿಗಿ ನಿಮ್ಮನ್ನ ಯಾವಾಗ ಕರದೀನಿ? ಇವತ್ತs ಅಲ್ರೀ ನೀವು ಮೊದಲ್ನೇ ಸಲ ಬಂದಿದ್ದು?"

ಆಮೇಲೆ ಅವಳು ಹೇಳಿದ್ದನ್ನು ಕೇಳಿದ್ದು ಕೇಳಿದಂತೆ ಬರೆಯುತ್ತೇನೆ. ಪರೀಕ್ಷೆಗಳು ನಡೆದಿದ್ದ ದಿನಗಳಲ್ಲಿ ಓಣಿಯ ಹೆಂಗಸರೊಂದಿಗೆ ಗಾಡಿ ಮಾಡಿಕೊಂಡು ಅವಳು ಜಿಡಗಾ ಮಠಕ್ಕೆ ಹೋಗಿದ್ದಳು. ಬರುವಾಗ ಆಳಂದದಲ್ಲಿ ಗಾಡಿ ನಿಂತಾಗ, ಉಳಿದವರು ಬಳೆ ಅಂಗಡಿಗೆ ಹೋದರೆ, ಇವಳು ಸುಮ್ಮನೆ ಒಂದು ಓಣಿ ಹಿಡಿದು ನಡೆದಳು. ಮನೆಗೆ ತಿರುಗಿ ಹೋಗುವುದು ಬೇಡವೆನ್ನಿಸಿತ್ತಂತೆ. ಒಂದು ಮನೆಯ ಬಾಗಿಲಲ್ಲಿ ನಾನು ನಿಂತಿದ್ದೆನಂತೆ. "ಬಂದ್ರೇನಕ್ಕಾ, ಒಳಗ ಬರ್ರಿ" ಎಂದೆ. ಹಿಟ್ಟು ನಾದಿಟ್ಟಿದ್ದೆ. ಅವಳು ಬಡಿದಳು, ನಾನು ಬೇಯಿಸಿದೆ. ನೆಗೆಣ್ಣಿಯ ವಿಷಯ ಅವಳು ಹೇಳಿದಳು, ಅವ್ವನ ವಿಷಯ ನಾನು ಹೇಳಿದೆ.

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಪಾಪ, ನೆಗೆಣ್ಣಿ ಹೋದ ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡೆ. ಅವಳೂ ನನ್ನನ್ನು ಹಾಗೆಯೇ, ಅದೇ ಕನಿಕರದಿಂದ ನೋಡುತ್ತಿದ್ದಳು. ನನ್ನ ಮನೆ ಹೇಗಿದೆ ಹೇಳಿ ನೋಡೋಣ ಎಂದೆ, ತುಸು ಬಿರುಸಾಗಿಯೇ.

"ಅಡಗೀಮನಿ ಬಾಗಲದಾಗs ನಿಮ್ಮವ್ವನ ಮಂಚ ಅದ. ಕಾಲ ಕಡೆ ಇಟ್ಟಂಗಿ ಕೊಟ್ಟು ಎತ್ತರ ಮಾಡೀರಿ. ಗ್ಯಾಸಿನ ಒಂದು ಗುಂಡಿ ಮುರದದ, ಇಕ್ಕಳದಲೆ ತಿರುವ್ತೀರಿ. ಯಾಕ, ಸುಳ್ಳೇನ್ರೀ?"

ಸುಳ್ಳಲ್ಲ. ಅವ್ವನ ಕಾಲು ಬಾತಿದ್ದಾಗ ಡಾಕ್ಟರು ಹೇಳಿದರೆಂದು ಇಟ್ಟಿಗೆ ಕೊಟ್ಟಿದ್ದೆ, ಅವಳು ಹೋದ ಮೇಲೂ ತೆಗೆದಿರಲಿಲ್ಲ. ಬುದ್ಧನ ಪಟ ಎಂದಿದ್ದರೆ ಊಹಿಸಿದಳು ಎನ್ನಬಹುದಿತ್ತು. ಇಕ್ಕಳವನ್ನು ಯಾರು ಊಹಿಸುತ್ತಾರೆ? ಅವತ್ತು ಒಲೆಯ ಮುಂದೆ ನಾನೇ ಬಾಯಿಬಿಟ್ಟು ಹೇಳಿದ್ದೆನೇ? ಎಷ್ಟು ನೆನೆದರೂ ಹೇಳಿದ ನೆನಪಿಲ್ಲ. ಅಷ್ಟರಲ್ಲಿ ಅವಳ ಗಂಡ ಹೊಲದಿಂದ ಬಂದ. ಅವನನ್ನು ಕೇಳಿದೆ. "ಹೌದ್ರಿ, ಜಿಡಗಾಕ್ಕ ಹೋಗಿದ್ಲು. ಮನಿಗಿ ಕೀಲಿ ಹಾಕಿತ್ತು. ಸಂಜಿಗಿ ಬಂದ್ಲು. ಭಾಳ ದಿನದ ಮ್ಯಾಲ ಅವತ್ತು ಮಾರಿ ನೆಟ್ಟಗಿತ್ತು" ಎಂದ. ಅದು ಯಾವ ವಾರವೆಂದು ಅವನಿಗೂ ನೆನಪಿರಲಿಲ್ಲ, ಅವಳಿಗೂ ಇರಲಿಲ್ಲ.

ಏನೋ ನೆಪ ಹೇಳಿ, ಅವಳು ಕೇಳಿದ್ದಕ್ಕೆ ಫೋನ್ ನಂಬರು ಕೊಟ್ಟು ಹೊರಟುಬಂದೆ.

ಆಳಂದಕ್ಕೆ ಬಂದವಳೇ ಪಕ್ಕದ ಮನೆಯ ಮೆಹಬೂಬಿ ಖಾಲಾರನ್ನು ಕೇಳಿದೆ. ಅವ್ವನ ಗೆಳತಿ ಅವರು. ನಮ್ಮ ಅಡುಗೆಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಪರೀಕ್ಷೆಯ ದಿನಗಳಲ್ಲಿ ನಮ್ಮ ಮನೆಗೆ ಯಾರಾದರೂ ಬಂದಿದ್ದರೇ ಎಂದೆ.

"ಬಂದಿದ್ದು ನೋಡಿಲ್ಲ ಬೇಟಾ" ಎಂದರು ಖಾಲಾ. "ಆದ್ರ ಒಂದಿನ ಮಧ್ಯಾಹ್ನ ರೊಟ್ಟಿ ಬಡಿಯೋ ಆವಾಜ್ ಬಂತು. ಭಾಳ ಹೊತ್ತು ಬಂತು. ಹುಡುಗಿ ಆಖರ್ ಒಲಿ ಹಚ್ಚಿದ್ಲು ಅಂತ ಖುಷಿ ಆಯ್ತು ನನಗ. ಯಾಕ, ನೀ ಅಲ್ಲೇನು?"

ಆ ದಿನಗಳಲ್ಲಿ ಮಧ್ಯಾಹ್ನದ ಹೊತ್ತು ನಾನು ಒಮ್ಮೆಯೂ ಆಳಂದದಲ್ಲಿರಲಿಲ್ಲ. ಮನೆಯಲ್ಲಿ ಜೋಳದ ಹಿಟ್ಟೂ ಇರಲಿಲ್ಲ.

ಜೇವರ್ಗಿಯ ತಂಗಿಗೆ ಹೇಳಿದೆ. ಅವಳೂ ಅಪ್ಪನ ಮಗಳೇ. ಕೇಳಿಸಿಕೊಂಡು, "ಅಕ್ಕಾ, ನೀ ಆಗ ಸರಿಯಾಗಿ ಉಣ್ಣಾಕತ್ತಿದ್ದಿಲ್ಲ, ಮಲಗಾಕತ್ತಿದ್ದಿಲ್ಲ. ಅಕಿನೂ ಅಷ್ಟs ಇರಬೇಕು. ಡಾಕ್ಟರಿಗಿ ತೋರಿಸ್ಕೋ" ಎಂದಳು. ತೋರಿಸಿಕೊಂಡೆ. ಅವರು ಕೊಟ್ಟ ಗುಳಿಗೆಯಿಂದ ಉಪಕಾರವೂ ಆಯಿತು. ಆದರೆ ದಣಿದ ತಲೆ ಇಲ್ಲದ್ದನ್ನು ಕಾಣಿಸಿತು ಎಂದರೆ, ಯಾರ ತಲೆ? ಅವಳದೋ, ನನ್ನದೋ? ಗೋಡೆಯಾಚೆ ಕುಳಿತು ಕೇಳಿಸಿಕೊಂಡ ಖಾಲಾಗೆ ದಣಿವೇನೂ ಇರಲಿಲ್ಲವಲ್ಲ. ಒಂದಕ್ಕೊಂದು ವಿರುದ್ಧವಾದ ಎರಡು ಮಾತಿದ್ದರೆ ಒಂದು ಸುಳ್ಳಾಗಿರಲೇಬೇಕು ಎಂದು ಮಕ್ಕಳಿಗೆ ಕಲಿಸುತ್ತ ಬಂದವಳು ನಾನು. ಈಗಲೂ ಕಲಿಸುತ್ತೇನೆ. ಕಲಿಸುವಾಗ ಧ್ವನಿ ಸ್ವಲ್ಪ ಇಳಿಯುತ್ತದೆ.

ಬದುಕಿಗೆ ಅರ್ಥ ಸಿಕ್ಕಿತೇ ಎಂದು ಕೇಳಬೇಡಿ. ದಣಿವು ಪೂರ್ತಿ ಹೋಗಿಲ್ಲ. ಕೆಲವು ಬೆಳಗುಗಳು ಇನ್ನೂ ಹಾಗೆಯೇ ಬರುತ್ತವೆ. ಅರ್ಥವನ್ನು ಒಬ್ಬಳೇ ಕೂತು ಹುಡುಕುತ್ತಿದ್ದೆನಲ್ಲ, ಅದೇ ತಪ್ಪೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಮರುದಿನ ಅದೂ ಅನ್ನಿಸುವುದಿಲ್ಲ. ಉಣ್ಣಿಸಿದವಳು ಯಾರು, ಉಂಡವಳು ಯಾರು ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ಇಬ್ಬರೂ ಆ ದಿನ ತಿರುಗಿ ಮನೆ ಸೇರಿದೆವು ಎಂಬುದೊಂದು ಮಾತ್ರ ಖರೆ.

ಕಸ್ತೂರಿಬಾಯಿ ಆಗೀಗ ಫೋನು ಮಾಡುತ್ತಾಳೆ. ಆ ಮಧ್ಯಾಹ್ನದ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಮಳೆ, ತೊಗರಿಯ ಹೂವು, ಮಂಡಿನೋವು, ಇಷ್ಟೇ. ಕೊನೆಗೆ, ಇಡುವ ಮುನ್ನ, ತಪ್ಪದೆ ಕೇಳುತ್ತಾಳೆ: "ಉಂಡ್ರೇನಕ್ಕಾ?"

ಕಳೆದ ರವಿವಾರವೂ ಕೇಳಿದಳು. ಮಧ್ಯಾಹ್ನ ಕಳೆದಿತ್ತು. ನಾನು ಬೆಳಗಿನಿಂದ ಮಂಚ ಬಿಟ್ಟು ಎದ್ದಿರಲಿಲ್ಲ. "ಉಂಡೀನ್ರಿ" ಎಂದು ಹೇಳಿ ಫೋನು ಇಟ್ಟೆ. ಸ್ವಲ್ಪ ಹೊತ್ತು ಹಾಗೇ ಬಿದ್ದುಕೊಂಡಿದ್ದೆ. ಅವಳಿಗೆ ಹೇಳಿದ್ದು ಸುಳ್ಳಾಗಬಾರದೆನ್ನಿಸಿತು. ಎದ್ದು ಹಿಟ್ಟು ನಾದಲು ನೀರು ಕಾಯಲಿಟ್ಟೆ.